ಹೊಲಿಗೆ ಬಿಚ್ಚಿದ ಖಾಕಿ

ಕೊಪ್ಪದ ಬಸ್ ನಿಲ್ದಾಣದ ಹತ್ತಿರ ನನ್ನದು ಟೈಲರ್ ಅಂಗಡಿ. ಠಾಣೆಯವರ ಖಾಕಿ ಹೆಚ್ಚಾಗಿ ನನ್ನ ಮೆಷಿನ್ನಿಗೇ ಬರುತ್ತದೆ. ಪೊಲೀಸರೆಂದರೆ ನನಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಟೇಪು ಹಿಡಿದವನಿಗೆ ಎಲ್ಲರೂ ಎದೆ, ಸೊಂಟ, ತೋಳು ಅಷ್ಟೇ.

ಜಯಪುರದ ಒಬ್ಬ ಕಾನ್‌ಸ್ಟೆಬಲ್ ಮಾತ್ರ ಬೇರೆ. ಬಂದರೆ ಹರಟದೆ ಹೋಗುವವನಲ್ಲ. ಹೆಡ್ ಕಾನ್‌ಸ್ಟೆಬಲ್ ಆಗಿ ಬಡ್ತಿ ಸಿಕ್ಕಿದಾಗ ಹೊಸ ಬಟ್ಟೆ ತಂದು ಮುಂದಿಟ್ಟ.

“ಸೊಂಟದ ಹತ್ರ ಸ್ವಲ್ಪ ಬಟ್ಟೆ ಬಿಡು ಮಾರಾಯ. ಇನ್ನು ಹೊಟ್ಟೆ ಬರ್ತದೆ.”

“ನಿನ್ನ ಹೊಟ್ಟೆಗೆ ಬಡ್ತಿ ಸಿಕ್ಕಿ ಎಷ್ಟೋ ವರ್ಷ ಆಯ್ತು,” ಅಂದೆ. ನಕ್ಕ.

ಆದರೂ ಪ್ಯಾಂಟಿನ ಹಿಂಬದಿ ಹೊಲಿಗೆಯೊಳಗೆ ಎರಡು ಬೆರಳಿನಷ್ಟು ಹೆಚ್ಚು ಬಿಟ್ಟೆ. ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಬಹುದು. ತೋಳಿಗೆ ಹೆಡ್ ಕಾನ್‌ಸ್ಟೆಬಲ್‌ನ ಮೂರು ಪಟ್ಟಿ ಹೊಲಿದು, ಇಸ್ತ್ರಿ ಮಾಡಿ ತೂಗುಹಾಕಿದೆ. ಒಂದು ಸಲ ಹಾಕಿಸಿಯಾದರೂ ನೋಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಒಯ್ಯಲು ಅವನು ಬರಲಿಲ್ಲ. ಬಸರೀಕಟ್ಟೆ ರಸ್ತೆಯಲ್ಲಿ ಕಾಡಿನಿಂದ ಕದ್ದ ನಾಟಾ ಮರ ತುಂಬಿದ ಪಿಕಪ್ಪನ್ನು ತಡೆಯಲು ಕೈ ಅಡ್ಡ ಹಿಡಿದು ನಿಂತಿದ್ದನಂತೆ. ಅದು ಅವನ ಮೇಲೇ ಹಾಯ್ದು ಹೋಯಿತು.

ಅಂಗಡಿಯಲ್ಲಿ ತೂಗುತ್ತಿದ್ದ ಆ ಸಮವಸ್ತ್ರವನ್ನು ನೋಡಲಾಗದೆ, ಅದನ್ನು ಹಿಡಿದು ಅವನ ಮನೆಗೆ ಹೋದೆ. ಅಂಗಳದಲ್ಲಿ ಆಸ್ಪತ್ರೆಯಿಂದ ತಂದ ದೇಹ, ಮೇಲೆ ಬಾವುಟ, ಪಕ್ಕದಲ್ಲಿ ಸಾಲಾಗಿ ಪೊಲೀಸರು. ಅವನ ಹೆಂಡತಿ ಬಂದು ಬಟ್ಟೆ ಇಸಿದುಕೊಂಡರು.

“ಇದನ್ನ ಹಾಕಿಯೇ ಕಳಿಸ್ಬೇಕು ಅಣ್ಣ. ಈ ಪಟ್ಟಿ ಹಾಕ್ಕೊಂಡು ಕನ್ನಡಿ ಮುಂದೆ ಸಹ ನಿಲ್ಲಲಿಲ್ಲ ಅವ್ರು.”

ಅವನ ದೊಡ್ಡಪ್ಪ ಒಪ್ಪಲಿಲ್ಲ. “ಹೊಲಿದ ಬಟ್ಟೆ ಹಾಕಿ ಚಿತೆಗೆ ಇಡೋ ಕ್ರಮ ನಮ್ಮಲ್ಲಿ ಇಲ್ಲ ಮಗಾ.”

ನನಗೆ ಆ ಮುದುಕನ ಮೇಲೆ ಸಿಟ್ಟು ಬಂತು.

“ಹೊಲಿಗೆ ಬಿಚ್ಚಿದ್ರೆ ಆಗ್ತದಾ?” ಎಂದು ಕೇಳಿದೆ.

ದೊಡ್ಡಪ್ಪ ಆ ಮೂರು ಪಟ್ಟಿಯ ಮೇಲೆ ಬೆರಳಾಡಿಸಿ, “ಆಗ್ತದೆ” ಅಂದರು.

ಜಗಲಿಯಲ್ಲಿ ಕೂತು ಬ್ಲೇಡು ಹಿಡಿದೆ. ಹೊಲಿದವನೇ ಬಿಚ್ಚಬೇಕಾಯಿತು. ಪಟ್ಟಿ, ಕಾಲರು, ಜೇಬು, ತೋಳು ಎಲ್ಲ ಕಳಚಿದವು. ಕೊನೆಗೆ ಪ್ಯಾಂಟಿನ ಹಿಂಬದಿ ಬಿಚ್ಚಿದಾಗ ಒಳಗೆ ಬಿಟ್ಟಿದ್ದ ಬಟ್ಟೆ ಹೊರಗೆ ಬಂತು. ಇನ್ನೂ ಬರಬೇಕಿದ್ದ ಹೊಟ್ಟೆಗೆಂದು ಬಿಟ್ಟದ್ದು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಆಗ ಅತ್ತುಬಿಟ್ಟೆ.

ಚಿತೆಯ ಹತ್ತಿರ ಬಾವುಟ ಮಡಚಿ ಹೆಂಡತಿಯ ಕೈಗಿತ್ತರು. ನಾವು ಖಾಕಿಯ ತುಂಡುಗಳನ್ನು ಅವನ ಮೈಮೇಲೆ ಹಾಸಿದೆವು. ಮೂರು ಪಟ್ಟಿಯನ್ನು ಹೆಂಡತಿಯೇ ಅವನ ತೋಳಿನ ಮೇಲಿಟ್ಟು, ಓರೆಯಾಗಿದ್ದನ್ನು ಸರಿಮಾಡಿದರು. ಇನ್‌ಸ್ಪೆಕ್ಟರ್ ಸೆಲ್ಯೂಟ್ ಹೊಡೆದರು. ಪೊಲೀಸರು ಆಕಾಶಕ್ಕೆ ಗುಂಡು ಹಾರಿಸಿದರು.

ಆ ಎರಡು ಬೆರಳು ಬಟ್ಟೆಯೂ ಅವನ ಜೊತೆಗೇ ಹೋಯಿತು.