ಲಗ್ನಪತ್ರಿಕೆಯ ಬೆನ್ನ ಮೇಲಿನ ಪಾಠ

ಇಂದುಧರನ ಓದುವ ಪುಸ್ತಕದಲ್ಲಿ ಎರಡು ಹಾಳೆ ಇರಲಿಲ್ಲ. ಅಣ್ಣ ಓದಿ, ಅಕ್ಕ ಓದಿ, ಮೂರನೆಯವನಾಗಿ ಅವನ ಕೈಗೆ ಬರುವ ಹೊತ್ತಿಗೆ ಆ ಹಾಳೆಗಳು ಯಾವ ಒಲೆ ಸೇರಿದ್ದವೋ ಏನೋ. ಆದರೂ ೧೯೫೮ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹುಡುಗ ನಾಲ್ಕನೆಯ ತರಗತಿಯಲ್ಲಿ ಎದ್ದು ನಿಂತು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಪಾಠವನ್ನು ಗಡಗಡನೆ ಓದಿಕೊಂಡು ಹೋದ. ಇಲ್ಲದ ಎರಡು ಹಾಳೆಯನ್ನೂ ಓದಿದ. ಒಂದು ಕಡೆಯೂ ತಡವರಿಸಲಿಲ್ಲ. ಹಾಳೆ ಮಗುಚಬೇಕಾದ ಜಾಗ ಬಂದಾಗ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದನ್ನೂ ಮರೆಯಲಿಲ್ಲ.

ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಉಪಾಧ್ಯಾಯಿನಿ ಕೋಮಲವಲ್ಲಿ ಅವನ ಪುಸ್ತಕ ಇಸಿದುಕೊಂಡು ನೋಡಿದಳು. ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಪುಸ್ತಕವನ್ನು ಹಿಡಿದುಕೊಂಡೇ ಹೆಡ್‌ಮೇಷ್ಟರು ಏಕಾಂತಯ್ಯನವರ ಕೋಣೆಗೆ ನಡೆದಳು.

"ಇವನಿಗೆ ಓದೋಕೇ ಬರಲ್ಲ ಸಾರ್. ಇಲ್ಲದೇ ಇರೋ ಹಾಳೇನ ಓದ್ತಾನೆ!"

ಏಕಾಂತಯ್ಯನವರು ಒಳ್ಳೆಯವರು. ನಿವೃತ್ತಿಗೆ ಎರಡು ವರ್ಷವಿದ್ದ, ಯಾರ ತಂಟೆಗೂ ಹೋಗದ ಮನುಷ್ಯ. "ಹಾಗನ್ನಬೇಡಿ ಕಣಮ್ಮ. ಹೋದ ವರ್ಷ ಓದಿನಲ್ಲಿ ಅವನಿಗೆ ಅತ್ಯುತ್ತಮ ಅಂತ ಇನ್‌ಸ್ಪೆಕ್ಟರೇ ಬರೆದಿದ್ದಾರೆ," ಎಂದರು.

ಅತ್ಯುತ್ತಮವಂತೆ! ಆ ಶಾಲೆಯಲ್ಲಿ ಓದು ಎಂದರೆ ಅದೇ ಆಗಿತ್ತು. ಮೇಷ್ಟರು ಒಂದು ಸಾಲು ಹೇಳುವುದು, ನಲವತ್ತು ಗಂಟಲು ಅದನ್ನು ಸೂರು ಹಾರಿಹೋಗುವಂತೆ ಒದರುವುದು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವನ್ನೂ ಹಾಗೆಯೇ ಒದರಿಸಿ ಬಾಯಿಪಾಠ ಮಾಡಿಸುವುದು. ಪ್ರಶ್ನೆಯ ಮೊದಲ ಎರಡು ಪದ ಕಿವಿಗೆ ಬಿದ್ದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಉತ್ತರ ಸುರಿಯುತ್ತಿತ್ತು. ಏನು ಹೇಳುತ್ತಿದ್ದೇವೆ ಎಂದು ಮಕ್ಕಳಿಗೂ ಗೊತ್ತಿಲ್ಲ, ಗೊತ್ತಿರಬೇಕು ಎಂದು ದೊಡ್ಡವರಿಗೂ ಅನಿಸಿಲ್ಲ.

ಕೋಮಲವಲ್ಲಿ ಬೇಲೂರಿನವಳು, ಗುಡಿಯ ಸೇವೆಯ ಮನೆತನ. ಇಷ್ಟು ಓದಿದ್ದು ಸಾಲದೆ ಎಂದು ಮನೆಯವರು ಕೇಳಿದಾಗ ಸಾಲದು ಎಂದು ಹೇಳಿ, ಹಾಸನಕ್ಕೆ ಹೋಗಿ ಟ್ರೈನಿಂಗ್ ಮುಗಿಸಿ ಬಂದಿದ್ದಳು. ಇಪ್ಪತ್ತನಾಲ್ಕು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಜಾವಗಲ್‌ನಲ್ಲಿ ಗುಡಿಯ ಅರ್ಚಕರಾಗಿದ್ದ ಸೋದರಮಾವ ಯೋಗನರಸಿಂಹಯ್ಯನವರ ಮನೆಯಲ್ಲಿದ್ದುಕೊಂಡು, ದಿನಾ ಎರಡು ಮೈಲಿ ನಡೆದು ಈ ಹಳ್ಳಿಯ ಶಾಲೆಗೆ ಬರುತ್ತಿದ್ದಳು. ಊರಿನವರು ಅವಳನ್ನು ಮೇಷ್ಟ್ರಮ್ಮ ಎಂದು ಕರೆದರು.

ಅದೇ ತರಗತಿಯಲ್ಲಿ, ಬಾಗಿಲ ಪಕ್ಕ, ದ್ರಾಕ್ಷಾಯಣಿ ಎಂಬ ಹುಡುಗಿ ಕೂರುತ್ತಿದ್ದಳು. ಎಲ್ಲರಿಗಿಂತ ಒಂದು ಗೇಣು ಎತ್ತರ, ಏಕೆಂದರೆ ನಾಲ್ಕನೆಯ ತರಗತಿಯಲ್ಲಿ ಇದು ಅವಳಿಗೆ ಮೂರನೆಯ ವರ್ಷ. ಬಾಯಿಪಾಠ ಎಂದರೆ ಅವಳ ನಾಲಿಗೆ ಕಟ್ಟಿಹೋಗುತ್ತಿತ್ತು. ದಡ್ಡಿ ಎಂಬುದು ಅವಳ ಎರಡನೆಯ ಹೆಸರೇ ಆಗಿಹೋಗಿತ್ತು. ಅವಳ ತಂದೆ ಕಲ್ಲೇಶಪ್ಪ, ತೆಂಗಿನ ತೋಟವೂ ಕೊಬ್ಬರಿ ವ್ಯಾಪಾರವೂ ಇದ್ದ ಗಟ್ಟಿ ಕುಳ, ಒಂದು ದಿನ ಶಾಲೆಗೇ ಬಂದು ಹೇಳಿದ:

"ನೋಡಿ ಮೇಷ್ಟ್ರಮ್ಮ, ಎರಡು ಸಲ ಗೋತಾ ಹೊಡ್ದವ್ಳೆ. ಈ ಸಲಾನೂ ಆದ್ರೆ ನಾನು ಕಳ್ಸಾಕಿಲ್ಲ. ಮನೇಲಿದ್ದು ಕಸಮುಸುರೆ ಕಲೀಲಿ. ಅದರ ತಲೇಲಿ ಏನೂ ನಿಲ್ಲಾಕಿಲ್ಲ."

ಹುಡುಗಿ ಅಲ್ಲೇ ನಿಂತಿದ್ದಳು. ಅವಳ ಎದುರಿಗೇ ಅಷ್ಟನ್ನೂ ಹೇಳಿ ಆತ ಹೋದ.

ಆ ಸಂಜೆ ಕೋಮಲವಲ್ಲಿ ಮಾವನ ಮನೆಯ ಪೆಟ್ಟಿಗೆಯೊಂದಕ್ಕೆ ಕೈ ಹಾಕಿದಳು. ಆ ಕಡೆ ಮದುವೆ ಮಾಡುವವರು ಮೊದಲ ಲಗ್ನಪತ್ರಿಕೆಯನ್ನು ಗುಡಿಗೆ ತಂದು ದೇವರ ಮುಂದೆ ಇಟ್ಟು ಹೋಗುತ್ತಿದ್ದರು. ದೇವರು ಯಾವ ಮದುವೆಗೂ ಹೋಗದೆ ಪತ್ರಿಕೆಗಳೆಲ್ಲ ಮಾವನ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿದ್ದವು. ಅಂಚಿಗೆ ಅರಿಶಿನ, ಒಂದು ಮಗ್ಗುಲಿಗೆ ಅಚ್ಚು, ಇನ್ನೊಂದು ಮಗ್ಗುಲು ಖಾಲಿ. ಆ ಖಾಲಿ ಮಗ್ಗುಲಿನಲ್ಲಿ ಅವಳು ದುಂಡಗಿನ ಅಕ್ಷರದಲ್ಲಿ ಏಳೆಂಟು ಸಾಲು ಬರೆದಳು. ಕತೆಯಲ್ಲ, ಪದ್ಯವಲ್ಲ, ಮಕ್ಕಳ ಸುತ್ತಮುತ್ತ ಇರುವ ಸಂಗತಿಗಳು. ಹುಲಿಕೆರೆಯ ಕೊಳಕ್ಕೆ ಸುತ್ತ ಮೆಟ್ಟಿಲು ಏಕೆ ಕಟ್ಟಿದರು. ಬಸ್ಸಿನ ಚಕ್ರಕ್ಕೆ ಗಾಳಿ ಏಕೆ ತುಂಬುತ್ತಾರೆ. ಗೆದ್ದಲು ಹುತ್ತ ಹೇಗೆ ಕಟ್ಟುತ್ತದೆ. ಕೆಳಗೆ ಎರಡು ಮೂರು ಪ್ರಶ್ನೆ. ಓದಬೇಕು, ಯೋಚಿಸಬೇಕು, ತನ್ನ ಮಾತಿನಲ್ಲಿ ಹೇಳಬೇಕು, ಇಷ್ಟೇ ಈ ಚೀಟಿಗಳ ಕಟ್ಟಳೆ. ಯಾವ ಮಗುವೂ ಮೊದಲು ಕೇಳಿರದ ಸಾಲುಗಳಾದ್ದರಿಂದ ಒದರಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಮೊದಲ ವಾರ ತರಗತಿ ಮಂಕು ಕವಿದವರ ಹಾಗೆ ಕೂತಿತು. ಇಂದುಧರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಗೆ ಅಚ್ಚಿನ ಕಡೆ ಇದ್ದ ವಧೂವರರ ಹೆಸರನ್ನು ಓದಲು ಹೊರಟ. ಎರಡನೆಯ ವಾರ ಕೋಮಲವಲ್ಲಿ ಕೊಬ್ಬರಿಯ ಚೀಟಿ ತಂದಳು. "ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಇಡುತ್ತಾರೆ. ಸುಮಾರು ಒಂದು ವರ್ಷದಲ್ಲಿ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಡುತ್ತದೆ. ಆಗ ಕಾಯಿಯನ್ನು ಅಲ್ಲಾಡಿಸಿದರೆ ಸದ್ದು ಬರುತ್ತದೆ." ಪ್ರಶ್ನೆ: ಒಂದು ಕಾಯಿಯನ್ನು ಅಲ್ಲಾಡಿಸಿದಾಗ ಸದ್ದು ಬಂತು, ಅದು ಕೊಬ್ಬರಿಯಾಗಿದೆಯೆ?

ಎಲ್ಲರೂ ಆಗಿದೆ, ಆಗಿದೆ ಎಂದು ಕೂಗಿದರು. ಬಾಗಿಲ ಪಕ್ಕದಿಂದ ದ್ರಾಕ್ಷಾಯಣಿ ಎದ್ದು ನಿಂತಳು. ಅವಳು ತಾನಾಗಿ ಎದ್ದು ನಿಂತದ್ದು ಅದೇ ಮೊದಲು.

"ಅಮ್ಮಾರೆ, ಈ ಚೀಟಿ ಸರಿ ಇಲ್ಲ."

ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು.

"ನೀರಿದ್ರೂವೆ ಸದ್ದು ಬತ್ತೈತೆ, ಗುಳುಗುಳು ಅಂತ. ಒಣಗಿದ್ ಮ್ಯಾಲೆ ಬರೋದು ಬ್ಯಾರೆ ಸದ್ದು, ಗಟಗಟ ಅಂತೈತೆ. ಯಾವ ಸದ್ದು ಅಂತ ನೀವು ಬರ್ದೇ ಇಲ್ವಲ್ಲ? ಅಂಗಾದ್ರೆ ಹೇಳಾಕಾಗಲ್ಲ."

ಕೋಮಲವಲ್ಲಿ ಜನ್ಮದಲ್ಲಿ ಕೊಬ್ಬರಿ ಅಟ್ಟ ಹತ್ತಿದವಳಲ್ಲ. ಅವರಿವರನ್ನು ಕೇಳಿ ಬರೆದಿದ್ದಳು. ಎಲ್ಲರ ಮುಂದೆ ಪೆನ್ನು ತೆಗೆದು ಆ ಸಾಲನ್ನು ಹೊಡೆದು, ಹುಡುಗಿ ಹೇಳಿದಂತೆ ತಿದ್ದಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದು ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಓದಿದ್ದರಲ್ಲಿ ಏನು ಇದೆ ಏನು ಇಲ್ಲ ಎಂದು ನೋಡಬಲ್ಲ ಈ ಮಗುವನ್ನು ಎರಡು ವರ್ಷದಿಂದ ದಡ್ಡಿ ಎಂದು ಬಾಗಿಲ ಪಕ್ಕ ಕೂರಿಸಿದ್ದರಲ್ಲ, ಇವರಿಗೆ ಏನನ್ನಬೇಕು?

ಅಂದಿನಿಂದ ದಿನಕ್ಕೊಂದು ಚೀಟಿ. ಚಳಿಗಾಲ ಕಳೆಯುವ ಹೊತ್ತಿಗೆ ಇಂದುಧರನೂ ತಡವರಿಸುತ್ತ ನಿಜವಾಗಿ ಓದತೊಡಗಿದ್ದ. ಆದರೆ ಪುಸ್ತಕದ ಪಾಠ ಬಂದರೆ ಸಾಕು, ಹಳೆಯ ಅಭ್ಯಾಸ ಮೈಮೇಲೆ ಬರುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಇನ್‌ಸ್ಪೆಕ್ಟರು ಬಂದರು. ತೇರ್ಗಡೆಯ ಪಟ್ಟಿಗೆ ರುಜು ಹಾಕುವವರು ಅವರೇ. ಏಕಾಂತಯ್ಯನವರ ಮನೆಯ ಉಪ್ಪಿಟ್ಟು, ಎಳನೀರು ಎಲ್ಲ ಮುಗಿಸಿ, ನಾಲ್ಕನೆಯ ತರಗತಿಗೆ ಬಂದು ಪುಸ್ತಕ ತೆರೆದು, ಕೆರೆಗಳ ಪಾಠದಿಂದ ಪ್ರಶ್ನೆ ಕೇಳಿದರು.

"ಕೆರೆಯ ಏರಿಯ ಮೇಲೆ ದೊಡ್ಡ ಮರಗಳನ್ನು ಏಕೆ ಬೆಳೆಸಬಾರದು? ನೀನು ಹೇಳು."

ಬೆರಳು ದ್ರಾಕ್ಷಾಯಣಿಯತ್ತ ಇತ್ತು. ಹುಡುಗಿ ಒಂದು ಗಳಿಗೆ ಯೋಚಿಸಿದಳು.

"ಬೇರು ಏರಿ ಒಳಕ್ಕೋಯ್ತದೆ ಸಾ. ಮರ ಸತ್ ಮ್ಯಾಲೆ ಬೇರು ಕೊಳೆತು ತೂತಾಯ್ತದೆ. ಆ ತೂತ್ನಾಗೆ ನೀರು ನುಗ್ಗಿದ್ರೆ ಏರಿ ಒಡೀತದೆ."

"ತಪ್ಪು. ಕೂತ್ಕೋ. ನೀನು ಹೇಳೋ."

ಇಂದುಧರ ಎದ್ದ, ಕಣ್ಣು ಮುಚ್ಚಿದ. "ಮರಗಳ ಬೇರುಗಳು ಏರಿಯನ್ನು ಶಿಥಿಲಗೊಳಿಸುವುದರಿಂದ ಕೆರೆಯ ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಸಬಾರದು."

"ಭೇಷ್!"

ಕೋಮಲವಲ್ಲಿಗೆ ತಡೆಯಲಾಗಲಿಲ್ಲ. "ಸಾರ್, ಆ ಹುಡುಗಿ ಹೇಳಿದ್ದೂ ಅದೇ ಅಲ್ವೆ? ಇನ್ನೂ ಬಿಡಿಸಿ ಹೇಳಿದಳು."

"ಪುಸ್ತಕದ ವಾಕ್ಯ ಎಲ್ಲಿದೆಯಮ್ಮ ಅದರಲ್ಲಿ?"

"ಅರ್ಥ ಇದೆಯಲ್ಲ ಸಾರ್! ಇಂದುಧರ, ಶಿಥಿಲ ಅಂದರೆ ಏನೋ?"

ಹುಡುಗ ಕಕ್ಕಾಬಿಕ್ಕಿಯಾದ. ಮೇಷ್ಟ್ರಮ್ಮನನ್ನು ನೋಡಿದ, ಇನ್‌ಸ್ಪೆಕ್ಟರನ್ನು ನೋಡಿದ, ಮತ್ತೆ ಕಣ್ಣು ಮುಚ್ಚಿ ಮೊದಲಿನಿಂದ ಶುರುಮಾಡಿದ: "ಮರಗಳ ಬೇರುಗಳು ಏರಿಯನ್ನು ಶಿಥಿಲಗೊಳಿಸುವುದರಿಂದ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರ ಮುಖ ಗಂಟಾಯಿತು. ಮೇಜಿನ ಮೇಲಿದ್ದ ಚೀಟಿಗಳ ಕಟ್ಟನ್ನು ಎತ್ತಿಕೊಂಡು, "ಏನ್ರೀ ಇದು, ಲಗ್ನಪತ್ರಿಕೆ? ಸರ್ಕಾರ ಗೊತ್ತುಮಾಡಿದ ಪುಸ್ತಕ ಇರುವಾಗ ಗೆದ್ದಲು, ಕೊಬ್ಬರಿ ಅಂತ ಕಾಲಹರಣ ಮಾಡ್ತೀರಾ?" ಎಂದು ಗದರಿದರು. ಕಟ್ಟು ಅವರ ಚೀಲ ಸೇರಿತು. ಪಟ್ಟಿಯಲ್ಲಿ ದ್ರಾಕ್ಷಾಯಣಿಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ನಪಾಸು ಎಂದು ಬಿತ್ತು. ತಿಳಿದು ಉತ್ತರ ಹೇಳಿದ ತಪ್ಪಿಗೆ ಒಂದು ಮಗುವಿನ ಶಾಲೆಯನ್ನೇ ಮುಗಿಸಿ, ಆ ಮಹಾಶಯರು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಕೋಮಲವಲ್ಲಿ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ದಿನ ಮೇಲಧಿಕಾರಿಗೆ ಕಾಗದ ಬರೆದಳು. ಮನವಿಯ ಒಕ್ಕಣೆ ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ಚೀಟಿಯ ಒಕ್ಕಣೆ. ಊರು, ತರಗತಿ, ಹುಡುಗಿಯ ಹೆಸರು ಮೇಲೆ ಕಾಣಿಸಿ, ಕೆಳಗೆ ಹೀಗೆ ಬರೆದಳು:

"ಇಬ್ಬರು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಲಾಯಿತು. ಒಂದು ಮಗು ಪುಸ್ತಕದ ವಾಕ್ಯವನ್ನು ಹೇಳಿತು. ಅರ್ಥ ಕೇಳಿದಾಗ ಅದೇ ವಾಕ್ಯವನ್ನು ಮತ್ತೆ ಹೇಳಿತು. ಇನ್ನೊಂದು ಮಗು ಅರ್ಥವನ್ನು ಹೇಳಿತು. ಮೊದಲನೆಯದನ್ನು ತೇರ್ಗಡೆ ಮಾಡಿ, ಎರಡನೆಯದನ್ನು ನಪಾಸು ಮಾಡಲಾಯಿತು. ಪ್ರಶ್ನೆಗಳು: ೧. ಪಾಠವನ್ನು ಓದಿ ತಿಳಿದುಕೊಂಡವರು ಯಾರು? ೨. ಈ ಪ್ರಸಂಗದಲ್ಲಿ ಓದಲು ಬಾರದವರು ಒಟ್ಟು ಎಷ್ಟು ಜನ?"

ಏಕಾಂತಯ್ಯನವರು ಅದನ್ನು ಓದಿ ಕನ್ನಡಕ ತೆಗೆದರು. "ಎರಡನೇ ಪ್ರಶ್ನೆ ಹೊಡೆದುಹಾಕಿಬಿಡಿ ತಾಯಿ. ನಿಮ್ಮ ಕೆಲಸಕ್ಕೆ ಸಂಚಕಾರ ಬರುತ್ತೆ."

"ಇಲ್ಲ ಸಾರ್, ಹೊಡೆಯಲ್ಲ."

"ಹಾಗಾದರೆ ನನ್ನ ಮುಖಾಂತರ ಬೇಡ."

ಇಲಾಖೆಯಲ್ಲಿ ಕೆಳಗಿನವರ ಕಾಗದ ಮೇಲಿನವರಿಗೆ ಹೋಗಬೇಕಾದರೆ ಹೆಡ್‌ಮೇಷ್ಟರ ಮುಖಾಂತರ, ಇನ್‌ಸ್ಪೆಕ್ಟರ ಮುಖಾಂತರ ಹೋಗಬೇಕು. ಅಂದರೆ ಯಾರ ಮೇಲೆ ದೂರೋ ಅವರ ಕೈಯಿಂದಲೇ ದೂರು ಹೋಗಬೇಕು! ಎಂಥ ಚೆಂದದ ಏರ್ಪಾಡು. ಕೋಮಲವಲ್ಲಿ ಜಾವಗಲ್ ಅಂಚೆಗೆ ಹೋಗಿ, ಯಾರ ಮುಖಾಂತರವೂ ಇಲ್ಲದೆ ಅದನ್ನು ಹಾಕಿ ಬಂದಳು.

ಬೇಸಿಗೆ ರಜೆ ಕಳೆದು ಶಾಲೆ ತೆರೆಯಿತು. ಬಾಗಿಲ ಪಕ್ಕದ ಜಾಗ ಖಾಲಿಯಾಗಿತ್ತು. ಕಲ್ಲೇಶಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಕೋಮಲವಲ್ಲಿ ಶಾಲೆಗೆ ಬರುವಾಗ ದ್ರಾಕ್ಷಾಯಣಿ ಮನೆಯ ಮುಂದೆ ಸಗಣಿ ಸಾರಿಸುತ್ತಿರುವುದು ಕಾಣುತ್ತಿತ್ತು. ಮೇಷ್ಟ್ರಮ್ಮ ಒಂದು ಹೊಸ ಚೀಟಿಯನ್ನು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದಳು. ಸಂಜೆ ಹಿಂದಿರುಗುವಾಗ ಹುಡುಗಿ ಬಾಗಿಲಿಗೆ ಬಂದು ಉತ್ತರ ಹೇಳುತ್ತಿದ್ದಳು. ಒಳಗಿನಿಂದ ಕಲ್ಲೇಶಪ್ಪ ಕೆಮ್ಮುತ್ತಿದ್ದ, ಬೇಡ ಎನ್ನುತ್ತಿರಲಿಲ್ಲ.

ಜೂನ್ ಮುಗಿಯುವಾಗ ಉತ್ತರ ಬಂತು. ಏಕಾಂತಯ್ಯನವರು ಅದನ್ನು ಎರಡು ಸಲ ಓದಿ, ಕಲ್ಲೇಶಪ್ಪನಿಗೂ ಮಗಳಿಗೂ ಹೇಳಿಕಳುಹಿಸಿದರು. ಎಲ್ಲರೂ ಕೋಣೆಯಲ್ಲಿ ನಿಂತಾಗ ಅವರು ಅದನ್ನು ತಾವು ಓದದೆ ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. ಕೋಮಲವಲ್ಲಿ ಆ ಹಾಳೆ ತೆಗೆದುಕೊಂಡಳು, ಓದಿದಳು, ಮೂಗಿನ ತುದಿ ಕೆಂಪಾಯಿತು. ಆಮೇಲೆ ಅದನ್ನು ಹುಡುಗಿಯ ಕೈಗೆ ಕೊಟ್ಟಳು.

"ನೀನೇ ಓದೇ. ನಿಮ್ಮ ಅಪ್ಪನಿಗೆ ಕೇಳಿಸೋ ಹಾಗೆ ಓದು."

ದ್ರಾಕ್ಷಾಯಣಿ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು: "ಸದರಿ ವಿದ್ಯಾರ್ಥಿನಿಯನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ ಐದನೆಯ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ಸದರಿ ಶಾಲೆಯ ಉಪಾಧ್ಯಾಯಿನಿ ಕೋಮಲವಲ್ಲಿ ಇವರನ್ನು ಆಡಳಿತದ ಹಿತದೃಷ್ಟಿಯಿಂದ ಈ ಕೂಡಲೇ ಬೇರೆಡೆಗೆ ವರ್ಗಾಯಿಸಲಾಗಿದೆ."

"ಏನು ತಿಳೀತು?" ಎಂದು ಕೋಮಲವಲ್ಲಿ ಕೇಳಿದಳು.

"ನಾನು ಪಾಸು." ಹುಡುಗಿ ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. "ನಿಮ್ಮನ್ನ ಕಳಿಸ್ತಾವ್ರೆ."

"ಯಾಕಂತೆ?" ಎಂದ ಕಲ್ಲೇಶಪ್ಪ, ನಿಜವಾಗಿ ದಿಗಿಲಾಗಿ. "ಮೇಷ್ಟ್ರಮ್ಮ ಏನು ತಪ್ಪು ಮಾಡಿದ್ರಂತೆ?"

ದ್ರಾಕ್ಷಾಯಣಿ ಮತ್ತೆ ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದಳು. "ಅದನ್ನ ಬರ್ದಿಲ್ಲ ಅಪ್ಪ."

"ಇದೆಯಲ್ಲ ಮಗಾ," ಎಂದರು ಏಕಾಂತಯ್ಯನವರು, ನೆಲ ನೋಡುತ್ತ. "ಆಡಳಿತದ ಹಿತದೃಷ್ಟಿಯಿಂದ ಅಂತ."

"ಅದು ಯಾಕೆ ಅನ್ನೋದಲ್ಲ ಸಾ," ಎಂದಳು ದ್ರಾಕ್ಷಾಯಣಿ. "ಯಾಕೆ ಅಂತ ಬರ್ಯಾಕೆ ಅವರಿಗೇ ನಾಚ್ಕೆ ಆಗೈತೆ. ಅದ್ಕೇ ಇಂಗ್ ಬರ್ದವ್ರೆ."

ಕಲ್ಲೇಶಪ್ಪ ಮಗಳ ಮುಖವನ್ನು ಮೊದಲ ಸಲ ಕಂಡವನಂತೆ ನೋಡಿದ. ಆಮೇಲೆ ಅವಳ ಕೈಯಿಂದ ಆ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲಿಟ್ಟು, "ನಡಿ, ಐದನೇ ಕ್ಲಾಸ್ನಾಗೆ ಹೋಗಿ ಮುಂದಿನ ಸಾಲ್ನಾಗೆ ಕೂತ್ಕೋ," ಎಂದ.