ಬರದ ತಾಕಿಗೆ ಕಾಲುವೆ ನೀರು

ರಾರಾವಿಯ ಹೊಳೆದಂಡೆಯಿಂದ ಕಾಡುಕಬ್ಬು ಕಿತ್ತು ತಂದು, ಸಿರುಗುಪ್ಪದ ನಮ್ಮ ಕೃಷಿ ಸಂಶೋಧನಾ ಫಾರ್ಮಿನಲ್ಲಿ ಹೊಲದ ಕಬ್ಬಿನ ಪಕ್ಕ ನೆಟ್ಟಿದ್ದೆ. ನೀರು ನಿಲ್ಲಿಸಿ, ಯಾವ ತಳಿ ಬರ ತಾಳುತ್ತದೆ ಎಂದು ನೋಡುವ ಪರೀಕ್ಷೆಯ ತಾಕು ಅದು. ಹೊಲದ ಕಬ್ಬು ಬಾಡಿತು, ಕಾಡುಕಬ್ಬು ಜಗ್ಗಲಿಲ್ಲ.

ಅಷ್ಟರಲ್ಲಿ ಬಳ್ಳಾರಿಯಿಂದ ದೊಡ್ಡ ಸಾಹೇಬರು ಬಂದರು. ಬಾಡಿದ ಸಾಲು ನೋಡಿ ಕೆಂಡವಾದರು.

"ಮಗ್ಗಲಾಗ ಕಾಲುವಿ ಇಟ್ಕೊಂಡು ಕಬ್ಬು ಒಣಗಿಸ್ತೀರಲ್ರೀ, ನಾಚಿಕಿ ಇಲ್ಲೇನ್ರಿ?"

"ಒಣಗ್ಲಿ ಅಂತನ ನೀರು ಬಿಟ್ಟಿಲ್ರಿ ಸಾಹೇಬ್ರ, ಇದು ಬರದ ಪರೀಕ್ಷಾ..."

"ನನಗ ಪಾಠ ಹೇಳಬ್ಯಾಡ್ರಿ. ಮೊದ್ಲು ನೀರು ಬಿಡ್ರಿ!"

ಬಿಟ್ಟೆ. ಮುಂದಿನ ಸಲ ಅವರು ಬಂದಾಗ ತಾಕೆಲ್ಲ ಹಸಿರು.

"ನೋಡ್ರಿ, ಎಲ್ಲಾ ತಳಿನೂ ಬರ ತಾಳ್ತಾವ!" ಎಂದು ಬೀಗಿದರು.

ಎಲ್ಲವೂ ಅಲ್ಲ. ಐದು ನಿಮಿಷದ ಬಿಸಿಲಿಗೇ ಜೀಪಿನೊಳಗೆ ಹೊಕ್ಕು ಮಜ್ಜಿಗೆ ಕೇಳಿದರು. ಆ ದಿನ ಆ ತಾಕಿನಲ್ಲಿ ಬರ ತಾಳದ ತಳಿ ಅವರೊಬ್ಬರೇ.