ಹೊತ್ತು ಮುಳುಗಿದ ಮೇಲಿನ ನೀರು

ಅಂಗಳದಲ್ಲಿ ಅಷ್ಟೊಂದು ಚಪ್ಪಲಿ ನೋಡಿ ಕಮಲಾವತಿಗೆ ಎದೆ ಧಸಕ್ಕೆಂದಿತು. ಹಿತ್ತಲಿನ ಬಾವಿಯಿಂದ ನೀರು ಸೇದಿ, ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಮನೆಯ ಮಗ್ಗುಲಿಂದ ಬಂದವಳು ನಿಂತಲ್ಲೇ ನಿಂತಳು. ಒಂದು ಮನೆಯೆದುರು ಅಷ್ಟು ಚಪ್ಪಲಿ ಸೇರುವುದು ಮದುವೆಗೆ, ಇಲ್ಲವೆಂದರೆ ಸಾವಿಗೆ. ಮದುವೆಗಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕೊಡವನ್ನು ಅಲ್ಲೇ ಇಳಿಸಿ ಒಳಗೆ ಓಡಿದಳು.

ಅಮ್ಮ ಬದುಕಿದ್ದರು. ಚಾವಡಿಯ ಮಂಚದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಸುತ್ತ ಬಸದಿ ಬೀದಿಯ ಹೆಂಗಸರು ಸೆರಗು ಹೊದ್ದು ಕುಳಿತು ಣಮೋಕಾರ ಮಂತ್ರ ಹೇಳುತ್ತಿದ್ದರು. ಗಂಡಸರು ಒಬ್ಬೊಬ್ಬರಾಗಿ ಬಂದು ಅಮ್ಮನ ಪಾದಕ್ಕೆ ಹಣೆ ಮುಟ್ಟಿಸಿ ಹೋಗುತ್ತಿದ್ದರು. ಅಮ್ಮ ಆಗಾಗ ಎಡಗೈಯನ್ನು ಎದೆಯಿಂದ ಮೇಲೆತ್ತುವರು, ಕೈ ಗದ್ದದವರೆಗೆ ಬಂದು ನಡುಗಿ ಕೆಳಗೆ ಬೀಳುವುದು. ಆಗೆಲ್ಲ ಕುಳಿತವರು ತಲೆ ತಗ್ಗಿಸಿ ಕೈಮುಗಿಯುತ್ತಿದ್ದರು. ಮುದುಕಿ ಆಶೀರ್ವಾದ ಮಾಡುತ್ತಿದ್ದಾಳೆ ಎಂದೇ ಅವರ ಲೆಕ್ಕ.

"ಎಲ್ಲಿಗೆ ಹೋಗಿದ್ದಿ ಕಮಲಾ? ಅಮ್ಮನ ಹತ್ತಿರ ಕೂತ್ಕೊ" ಎಂದ ಅಣ್ಣ ಅಭಯಚಂದ್ರ. ಅವನ ಕಣ್ಣು ತುಂಬಿಕೊಂಡಿತ್ತು. "ನಿನ್ನೆಯಿಂದ ನೀರು ಸಹ ಬಿಟ್ಟಿದ್ದಾರೆ. ಎಂಥ ಪುಣ್ಯ ನೋಡು ನಮ್ಮದು."

"ಊರಿಗೆಲ್ಲ ಯಾರು ಹೇಳಿದ್ದು?"

"ನಾನೇ. ಬಚ್ಚಿಡುವ ವಿಷಯವಾ ಇದು?"

ಅಭಯಚಂದ್ರ ಕೆಟ್ಟವನಲ್ಲ ನೋಡಿ. ಕರಿಮೆಣಸಿನ ವ್ಯಾಪಾರಕ್ಕೆಂದು ವಾರದ ಅರ್ಧವನ್ನು ಬಂಟ್ವಾಳದ ಪೇಟೆಯಲ್ಲಿ ಕಳೆದರೂ, ಊರಲ್ಲಿದ್ದ ದಿನ ಅಮ್ಮನ ಕಾಲು ಒತ್ತದೆ ಮಲಗಿದವನಲ್ಲ. ಅಮ್ಮ, ಅಂದರೆ ರಾಜಮತಿಯಮ್ಮ, ಗಟ್ಟಿಯಿದ್ದಾಗ ಹೇಳುತ್ತಿದ್ದ ಮಾತು ಅವನ ಕಿವಿಯಲ್ಲಿತ್ತು. "ಹಾಸಿಗೆಯಲ್ಲಿ ಕೊಳೆತು ಸಾಯುದು ನನಗೆ ಬೇಡ ಮಗ. ಚಿಕ್ಕಮ್ಮನ ಹಾಗೆ ಸಲ್ಲೇಖನ ಹಿಡಿದು ಹೋಗ್ತೇನೆ." ಅನ್ನವನ್ನೂ ನೀರನ್ನೂ ತಾವಾಗಿಯೇ ಬಿಟ್ಟು, ಮನಸ್ಸನ್ನು ಸಮಾಧಾನದಲ್ಲಿಟ್ಟು ದೇಹ ಬಿಡುವ ಆ ವ್ರತ ಎಲ್ಲರ ಪಾಲಿಗೆ ಬರುವಂಥದ್ದಲ್ಲ. ಅದನ್ನು ಹಿಡಿದವರ ಮನೆಯೆಂದರೆ ಮೂಡಬಿದಿರೆಯ ಜೈನರಿಗೆ ಬಸದಿಗೆ ಸಮಾನ. ಮೊನ್ನೆ ಸಂಜೆ ಗಂಜಿಯ ಚಮಚ ತುಟಿಗೆ ತಾಗುತ್ತಲೂ ಅಮ್ಮ ಬಾಯಿ ಬಿಗಿದು ಮುಖ ತಿರುಗಿಸಿದಾಗ, ನಿನ್ನೆ ನೀರನ್ನೂ ಹಾಗೆಯೇ ತಳ್ಳಿದಾಗ, ಅಭಯಚಂದ್ರನಿಗೆ ಬೇರೆ ಯೋಚನೆಯೇ ಬರಲಿಲ್ಲ.

ನಿಜ ಹೇಳಬೇಕೆಂದರೆ ಕಮಲಾವತಿಗೂ ಬರಲಿಲ್ಲ.

ಅವಳ ಬದುಕು ಹೇಳುವುದಕ್ಕೆ ದೊಡ್ಡದೇನಲ್ಲ. ವೇಣೂರಿನ ಕಡೆಗೆ ಕೊಟ್ಟಿದ್ದರು, ಗಂಡ ಬೇಗ ತೀರಿಹೋದ. ಅಳಿಯಸಂತಾನದ ಮನೆಯಾದ್ದರಿಂದ ಮಗಳಿಗೆ ತಾಯಿಮನೆಯೇ ಮನೆ, ಯಾರ ಹಂಗೂ ಇಲ್ಲ. ಮಕ್ಕಳಿರಲಿಲ್ಲ. ಹಿಂದಿನ ವರ್ಷ ಅಮ್ಮನಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋದ ಮೇಲೆ ಕಮಲಾವತಿಗೆ ಮಗು ಹುಟ್ಟಿದಂತೆಯೇ ಆಯಿತು, ನಲವತ್ತು ದಾಟಿದ ಮೇಲೆ. ಎತ್ತುವುದು, ತೊಳೆಯುವುದು, ಒರೆಸುವುದು, ತಿನ್ನಿಸುವುದು. ಬಂದವರೆಲ್ಲ ಅಮ್ಮನ ಮುಖ ನೋಡಿ "ಪಾಪ" ಎನ್ನುವರು, ಕಾಫಿ ಕುಡಿಯುವರು, ಹೋಗುವರು.

"ನೀವು ಊಟ ಮಾಡಿದ್ರಾ ಕಮಲಕ್ಕ?" ಎಂದು ಮೊದಲು ಕೇಳುವವಳು ಸಲೋಮಿ ಒಬ್ಬಳೇ. ಸಲೋಮಿ ಪೇಟೆಯ ಆಸ್ಪತ್ರೆಯ ನರ್ಸು. ಉದ್ದಕ್ಕೆ, ಕೋಲಿನಂಥ ಹೆಂಗಸು, ಮಾತು ಚುಟುಕು. ಮಲಗಿ ಮಲಗಿ ಅಮ್ಮನ ಬೆನ್ನಿಗೆ ಹುಣ್ಣಾದಾಗ ಡಾಕ್ಟರು ಅವಳನ್ನು ಕಳಿಸಿದ್ದರು. ಅಂದಿನಿಂದ ಬುಧವಾರ, ಶನಿವಾರ ಕೆಲಸ ಬಿಟ್ಟ ಮೇಲೆ ಬರುತ್ತಿದ್ದಳು. ಅಮ್ಮನನ್ನು ಹೇಗೆ ಮಗ್ಗುಲು ಬದಲಿಸುವುದು, ತನ್ನ ಸೊಂಟ ಹಿಡಿದುಕೊಳ್ಳದ ಹಾಗೆ ಹೇಗೆ ಎತ್ತುವುದು, ಎಲ್ಲ ಕಲಿಸಿದ್ದಳು. ಒಂದು ಸಲ ಕಮಲಾವತಿ ಅಡುಗೆಮನೆಯಲ್ಲಿ ಸುಮ್ಮನೆ ಅಳುತ್ತಿದ್ದದ್ದನ್ನು ನೋಡಿ ಏನೂ ಕೇಳದೆ ಪಾತ್ರೆ ತೊಳೆದಿಟ್ಟು ಹೋಗಿದ್ದಳು. ಹುಣ್ಣು ಈಗ ಮಾಯುತ್ತಾ ಬಂದಿತ್ತು.

ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹೋಗುವಂತಿಲ್ಲ. ಅನ್ನದ ಮಾತಿರಲಿ, ಅಮ್ಮನಂಥವರು ಒಂದು ತೊಟ್ಟು ನೀರನ್ನೂ ಮುಟ್ಟುವವರಲ್ಲ. ಮದುವೆಯಾದಂದಿನಿಂದ ಅವರು ಪಾಲಿಸಿದ ನೇಮ ಅದು, ಹೆರಿಗೆಯ ದಿನವೂ ಬಿಟ್ಟಿರಲಿಲ್ಲವಂತೆ. ಲಕ್ವದ ನಂತರವೂ ಕಮಲಾವತಿ ಅದನ್ನು ತಪ್ಪಿಸಲಿಲ್ಲ. ಅಮ್ಮನಿಗೆ ಮಾತು ಹೋಗಿದೆಯೆಂದು ಅಮ್ಮನ ನೇಮ ಕೆಡಿಸುವಷ್ಟು ಕಟುಕಿಯಲ್ಲ ಅವಳು. ಆದರೆ ಅಮ್ಮ ನುಂಗುವುದು ನಿಧಾನ. ಚಳಿಗಾಲದ ಹಗಲು ಬೇರೆ ಗಿಡ್ಡ. ಹಟ್ಟಿಯಲ್ಲಿ ದನಗಳ ಕೆಲಸ ಮುಗಿಸಿ ಗಂಜಿಯ ಬಟ್ಟಲು ಹಿಡಿದು ಕುಳಿತರೆ, ಕೊನೆಯ ತುತ್ತು ಬಾಯಿಗೆ ಬೀಳುವುದಕ್ಕೂ ಬಿಸಿಲು ತೆಂಗಿನ ತುದಿಯಿಂದ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ತುಟಿ ಒರೆಸಿ ದೀಪ ಹಚ್ಚಲು ಏಳುವಳು.

ಮಧ್ಯಾಹ್ನ ಬಸದಿಯ ಇಂದ್ರರು, ಅಂದರೆ ಪೂಜೆಯವರು, ಬಂದರು. ವಯಸ್ಸಾದವರು. ಅಮ್ಮನನ್ನು ತುಂಬ ಹೊತ್ತು ನೋಡಿ ಅಭಯಚಂದ್ರನನ್ನು ಬದಿಗೆ ಕರೆದರು.

"ಇದು ಕೇಳಿ ತೆಗೆದುಕೊಳ್ಳುವ ವ್ರತ ಅಭಯಚಂದ್ರ. ಗುರುಗಳ ಅಪ್ಪಣೆ ಬೇಕು. ಇವರು ಯಾರ ಹತ್ತಿರ ಕೇಳಿದರು?"

"ಬಾಯಿ ಬಾರದವರು ಹೇಗೆ ಕೇಳುದು ಸ್ವಾಮಿ? ಮೊದಲೇ ಹೇಳಿಟ್ಟಿದ್ರು. ಒತ್ತಾಯ ಮಾಡಿ ತಿನ್ನಿಸಿದ್ರೆ ಅದೂ ಪಾಪ ಅಲ್ವಾ?"

"ಒತ್ತಾಯ ಮಾಡಬೇಡಿ" ಎಂದರು ಇಂದ್ರರು. ಆಮೇಲೆ ಕಮಲಾವತಿಯ ಕಡೆ ತಿರುಗಿ, "ಬೇಕಾ ಅಂತ ಕೇಳುದನ್ನು ಮಾತ್ರ ಬಿಡಬೇಡಿ" ಎಂದು ಹೇಳಿ ಹೋದರು.

ಆ ಮಾತು ಕಮಲಾವತಿಗೆ ಚುಚ್ಚಿತು. ಯಾಕೆಂದರೆ ಬೆಳಗಿನಿಂದ ಅವಳೊಳಗೆ ಒಂದು ಸಂಗತಿ ಕುಳಿತಿತ್ತು, ಯಾರಿಗೂ ಹೇಳಲಾರದ್ದು. ಅಮ್ಮ ಹೋದರೆ ನಾಳೆಯಿಂದ ಕಣ್ತುಂಬ ನಿದ್ದೆ ಮಾಡಬಹುದು ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದೇ ತಡ, ತನ್ನ ಮನಸ್ಸಿಗೆ ತಾನೇ ಬೆಚ್ಚಿಬಿದ್ದಿದ್ದಳು. ನಾನು ಇಂಥವಳಾ? ಅಮ್ಮನಿಗೆ ಬದುಕಬೇಕೆಂದಿದ್ದರೆ?

ಕೇಳಿಬಿಡೋಣವೆಂದು ಅಮ್ಮನ ಕಿವಿಯ ಹತ್ತಿರ ಬಾಗಿದಳು. ಆಗ ಮೂಗಿಗೆ ಬಡಿಯಿತು. ಊದುಬತ್ತಿಯ ಹೊಗೆಯಡಿಯಿಂದ ಬಂದ ಒಂದು ನಾತ. ಬೆನ್ನಿನದಲ್ಲ, ಬಟ್ಟೆಯದಲ್ಲ. ಬಾಯಿಂದ ಬರುತ್ತಿತ್ತು. ಎಲ್ಲೋ ಏನೋ ಕೊಳೆಯುತ್ತಿತ್ತು.

ಅಣ್ಣನಿಗೆ ಹೇಳಿದರೆ, "ಉಪವಾಸದ ಬಾಯಿ, ಹಾಗೇ ಇರ್ತದೆ" ಎಂದುಬಿಟ್ಟ. ಇದ್ದರೂ ಇರಬಹುದು. ಆದರೂ ಅಂದು ಶನಿವಾರವೆಂಬುದು ನೆನಪಾಗಿ ಕಮಲಾವತಿ ಅಂಗಳದ ಕಡೆಗೇ ಕಣ್ಣಿಟ್ಟು ಕುಳಿತಳು.

ಸಲೋಮಿ ಬಂದಾಗ ಬಿಸಿಲು ಹಳದಿಯಾಗಿತ್ತು. ಅಭಯಚಂದ್ರ ಅವಳನ್ನು ಮೆಟ್ಟಿಲಲ್ಲೇ ತಡೆದ. ಜೋರು ಮಾಡಲಿಲ್ಲ, ಕೈಮುಗಿದೇ ಹೇಳಿದ.

"ಇಷ್ಟು ದಿನ ನೋಡಿಕೊಂಡಿರಿ, ದೊಡ್ಡ ಉಪಕಾರ. ಇನ್ನು ಮದ್ದು, ಇಂಜೆಕ್ಷನ್ ಎಂತದೂ ಬೇಡ ನರ್ಸಮ್ಮ. ಅಮ್ಮ ವ್ರತದಲ್ಲಿದ್ದಾರೆ."

"ಮದ್ದು ಕೊಡುದಿಲ್ಲ ಧಣಿ. ನಿಮ್ಮ ವ್ರತಕ್ಕೆ ನಾನು ಕೈ ಹಾಕುದಿಲ್ಲ" ಎಂದಳು ಸಲೋಮಿ. ಅವಳ ಮುಖವೂ ಬಿಳಿಚಿಕೊಂಡಿತ್ತು. ಬುಧವಾರ ತಾನು ನೋಡಿ ಹೋದಾಗ ಸರಿಯಾಗಿದ್ದವರು ಈಗ ಸಾಯಲು ಮಲಗಿದ್ದಾರೆಂದರೆ ಯಾರಿಗಾದರೂ ಹಾಗೇ ಆಗುವುದು.

ಅಷ್ಟರಲ್ಲಿ ಕಮಲಾವತಿ ಬಂದು ಅವಳ ಕೈ ಹಿಡಿದಳು. "ಬಾಯಿ ವಾಸನೆ ಬರ್ತದೆ ನರ್ಸಮ್ಮ. ಒಮ್ಮೆ ನೋಡುವ."

"ಹೊತ್ತು ಮುಳುಗ್ತಾ ಬಂತು" ಎಂದ ಅಭಯಚಂದ್ರ. "ಈಗ ಬಾಯಿಗೆ ನೀರು ತಾಗಿಸುದು ಬೇಡ ಕಮಲಾ. ಇಷ್ಟು ವರ್ಷದ ನೇಮ."

"ಪಾಪ ಬಂದ್ರೆ ನನಗೆ ಬರಲಿ ಅಣ್ಣ." ಅಣ್ಣನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಅಡುಗೆಮನೆಗೆ ಹೋಗಿ ಉಗುರುಬೆಚ್ಚಗಿನ ಉಪ್ಪುನೀರು ಮಾಡಿ ತಂದಳು. ಹೆಂಗಸರು ಮಂತ್ರ ನಿಲ್ಲಿಸದೆಯೇ ಸ್ವಲ್ಪ ಸರಿದು ಜಾಗ ಕೊಟ್ಟರು.

ಸಲೋಮಿ ಬೆರಳಿಗೆ ಹತ್ತಿಯ ಬಟ್ಟೆ ಸುತ್ತಿ, "ಕಮಲಕ್ಕ, ನೀವು ದೀಪ ಹಿಡೀರಿ" ಎಂದಳು. ತುಟಿಯ ಎಡಬದಿ ಸುಲಭವಾಗಿ ಬಿಟ್ಟುಕೊಂಡಿತು. ಬಲಗೆನ್ನೆಯನ್ನು ಬೆರಳಿನಿಂದ ಹೊರಗೆಳೆದಾಗ ಅಮ್ಮನ ಗಂಟಲಿನಿಂದ ಒಂದು ನರಳಾಟ ಹೊರಟಿತು.

ಕೆನ್ನೆಗೂ ವಸಡಿಗೂ ನಡುವೆ ಅನ್ನದ ಗಂಟಿತ್ತು. ಬೂದು ಬಣ್ಣಕ್ಕೆ ತಿರುಗಿ, ಲೋಳೆಗಟ್ಟಿ, ಒಳಚರ್ಮಕ್ಕೆ ಅಂಟಿಕೊಂಡಿತ್ತು. ಸಲೋಮಿ ಒದ್ದೆ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ ಬಟ್ಟಲಿಗೆ ಹಾಕಿದಳು. ಅದರಡಿಯಲ್ಲಿ ಕೆನ್ನೆ ಕೆಂಪಗೆ ಹಸಿಯಾಗಿ ಕಿತ್ತುಹೋಗಿತ್ತು, ರಕ್ತ ಜಿನುಗಿತು. ಕಮಲಾವತಿಯ ಕೈಯ ದೀಪ ಅಲುಗಾಡತೊಡಗಿತು. ಬಟ್ಟಲಿನಲ್ಲಿ ಹೆಸರುಕಾಳಿನ ಸಿಪ್ಪೆ ಕಂಡಿತು, ಅದು ಮೊನ್ನೆಯದು. ಅದರ ಜೊತೆಗೆ ಬಸಳೆಯ ನಾರು ಕಂಡಿತು. ಮನೆಯಲ್ಲಿ ಬಸಳೆ ಬೇಯಿಸಿದ್ದು ಹೋದ ವಾರ.

ಹೋದ ವಾರದಿಂದ ಅದು ಅಲ್ಲಿತ್ತು. ಸತ್ತ ಕೆನ್ನೆಗೆ ತುತ್ತು ತಂಗಿದ್ದು ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಕೊನೆಯ ತುತ್ತಿನ ಮೇಲೆ ಬಾಯಿ ಮುಕ್ಕಳಿಸಲು ನೀರು ಕೊಡುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಆದ್ದರಿಂದ ಕಮಲಾವತಿ ಕೊಡುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳು ಹಲ್ಲುಜ್ಜಿಸುವುದು ಮುಂದಿನ ನಾಲ್ಕು ಹಲ್ಲನ್ನು ಮಾತ್ರ. ಹುಣ್ಣು ಒಳಗೆ ಇಳಿದು ನೋವು ಎದ್ದ ಮೇಲೆ ಗಂಜಿಯೂ ಉರಿ, ನೀರೂ ಉರಿ. ಬಾಯಿ ಬಿಗಿಯದೆ ಇನ್ನೇನು ಮಾಡುವರು?

"ದೇವರೇ, ನಾನೇ ಮಾಡಿದ್ದು" ಎಂದಳು ಕಮಲಾವತಿ. ಗಂಜಿ ಉಣ್ಣಿಸಿದ ಕೈಯನ್ನೇ ನೋಡಿಕೊಂಡಳು.

"ಒಬ್ಬರೇ ಅಲ್ಲ" ಎಂದಳು ಸಲೋಮಿ, ಕೆಲಸ ನಿಲ್ಲಿಸದೆ. "ನಾನು ಬೆನ್ನು ನೋಡಿದೆ, ಬೆನ್ನು ಮಾತ್ರ. ಬಾಯಿ ತೆಗೆದು ನೋಡ್ಲೇ ಇಲ್ಲ. ದೀಪ ಗಟ್ಟಿ ಹಿಡೀರಿ ಕಮಲಕ್ಕ, ಅಳುದು ಆಮೇಲೆ."

ಆಗ ಅಮ್ಮನ ಎಡಗೈ ಮತ್ತೆ ಮೇಲೆದ್ದಿತು. ಗದ್ದದವರೆಗೆ ಬಂತು. ಈ ಸಲ ಸಲೋಮಿ ಮೊಣಕೈಗೆ ಆಸರೆ ಕೊಟ್ಟಳು. ಕೈ ಗದ್ದವನ್ನು ದಾಟಿ ಬಲಗೆನ್ನೆಯ ಮೇಲೆ ಹೋಗಿ ಕುಳಿತಿತು. ಬೆಳಗಿನಿಂದ ಊರೆಲ್ಲ ತಲೆಬಾಗಿದ್ದು ಇದಕ್ಕೆ. ಮುದುಕಿ ನೋವು ತೋರಿಸುತ್ತಿದ್ದಳು, ಇವರು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಮಂತ್ರ ಹೇಳುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು.

ಹೊರಗೆ ಹೊತ್ತು ಮುಳುಗಿತ್ತು. ಸಲೋಮಿ ಕೊನೆಯದಾಗಿ ಬೇರೊಂದು ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಅಮ್ಮನ ನಾಲಿಗೆ ಒರೆಸಿದಳು. ಹಿಂದಕ್ಕೆ ಎಳೆದರೆ ಬಟ್ಟೆ ಬರಲಿಲ್ಲ. ಅಮ್ಮ ಅದನ್ನು ತುಟಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದರು. ಚೀಪುತ್ತಿದ್ದರು. ಗಂಟಲು ಏರಿ ಇಳಿಯುವುದು ಎಲ್ಲರಿಗೂ ಕಾಣುತ್ತಿತ್ತು.

ಅಭಯಚಂದ್ರ ಮಂಚದ ಹತ್ತಿರ ಬಂದು ಕುಳಿತ. "ಅಮ್ಮಾ, ಹೊತ್ತು ಮುಳುಗಿದೆ" ಎಂದು ಕಿವಿಯಲ್ಲಿ ಹೇಳಿದ. ಗೊತ್ತಿಲ್ಲದೆ ನೇಮ ಮುರಿಯುತ್ತಿದ್ದಾರೋ ಎಂದು ಅವನಿಗೆ ಭಯ.

ಅಮ್ಮ ಬಟ್ಟೆಯನ್ನು ಬಿಟ್ಟು, ಮಗನನ್ನು ನೋಡಿ, ಬಾಯಿ ತೆರೆದರು.

"ನೀವೇ ಕೊಡಿ ಧಣಿ" ಎಂದು ಸಲೋಮಿ ಚಮಚ ಅವನ ಕೈಗಿತ್ತಳು. ಮೊದಲ ಚಮಚ ಅರ್ಧ ಚೆಲ್ಲಿತು. ಎರಡನೆಯದು ಒಳಗೆ ಹೋಯಿತು. ಸಲೋಮಿ ತಲೆ ಎತ್ತಿ ಹಿಡಿದಿದ್ದಳು, ಎಡಗೆನ್ನೆಯ ಕಡೆಯಿಂದ ಬಿಡಿ ಎಂದು ಮೆಲ್ಲಗೆ ಹೇಳುತ್ತಿದ್ದಳು. ಕೆಲವು ಚಮಚ ಕುಡಿದಾದ ಮೇಲೆ ಅಮ್ಮನ ಎಡಗೈ ಎದ್ದಿತು. ಅಭ್ಯಾಸಬಲದಿಂದ ಹಿಂದೆ ಇಬ್ಬರು ಹೆಂಗಸರು ಕೈಮುಗಿದರು. ಕೈ ಹೋಗಿ ಅಭಯಚಂದ್ರನ ಕೆನ್ನೆಗೆ ಬಡಿಯಿತು. ಬಲವೇನಿಲ್ಲ, ಆದರೆ ಸದ್ದು ಚಾವಡಿಗೆಲ್ಲ ಕೇಳಿಸಿತು. ಊರಿನ ಹಿರಿಯ ಮನುಷ್ಯ, ಕೆನ್ನೆ ಹಿಡಿದುಕೊಂಡು ಮಗುವಿನಂತೆ ಅತ್ತ. ಕಮಲಾವತಿ ತಾನಾಗಿಯೇ ಬಾಗಿ ಮುಖ ಒಡ್ಡಿದಳು. ಅವಳಿಗೂ ಒಂದು ಬಿತ್ತು.

ಅಂಗಳದ ಚಪ್ಪಲಿಗಳೆಲ್ಲ ಸದ್ದಿಲ್ಲದೆ ಖಾಲಿಯಾದವು. ಸಲೋಮಿ ಹೋಗುವ ಮುಂಚೆ ಕಮಲಾವತಿಯನ್ನು ಬಾವಿಕಟ್ಟೆಯ ಹತ್ತಿರ ಕೂರಿಸಿ ಹೇಳಿದಳು. ಬಿಸಿಲು ಚೆನ್ನಾಗಿರುವಾಗಲೇ ಸಂಜೆಯ ಗಂಜಿ ಮುಗಿಸಿ, ಹಟ್ಟಿಯ ಕೆಲಸ ಆಮೇಲೆ. ತಿಂದ ಮೇಲೆ ಕೆನ್ನೆಯೊಳಗೆ ಬೆರಳು ಹಾಕಿ ತೊಳೀರಿ. ನೇಮವೂ ಉಳೀತದೆ, ಬಾಯಿಯೂ ಉಳೀತದೆ. ಹೇಳಿ ಮುಗಿಸಿ ಅವಳೂ ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡಳು.

ಮರುದಿನ ಸಂಜೆ ಹಾಗೇ ನಡೆಯಿತು. ಹಾಲು, ನೀರು, ತೊಳೆಯುವುದು, ಎಲ್ಲ ಬಿಸಿಲಿರುವಾಗಲೇ ಆಯಿತು. ದೀಪ ಹಚ್ಚಿದ ಮೇಲೆ ಕಮಲಾವತಿಗೆ ಮನಸ್ಸು ತಡೆಯಲಿಲ್ಲ. ನಿನ್ನೆ ಕುಡಿದವರಿಗೆ ಇವತ್ತು ಬಾಯಾರದೆ ಇದ್ದೀತೇ ಎಂದು ಒಂದು ಚಮಚ ನೀರು ಹಿಡಿದಳು. ಅಮ್ಮ ತುಟಿ ಬಿಗಿದು ಮುಖ ತಿರುಗಿಸಿದರು.

ಕಮಲಾವತಿಯ ಎದೆ ಮತ್ತೆ ಧಸಕ್ಕೆಂದಿತು. ದೀಪ ತಂದು, ಕೆನ್ನೆ ಎಳೆದು, ಒಳಗೆಲ್ಲ ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ, ಶುಚಿಯಾಗಿತ್ತು. ಅಮ್ಮ ಅವಳನ್ನೇ ದುರುಗುಟ್ಟಿ ನೋಡುತ್ತಾ ಎಡಗೈಯಿಂದ ಕಿಟಕಿಯ ಹೊರಗಿನ ಕತ್ತಲೆ ತೋರಿಸಿದರು. ಕಮಲಾವತಿ ಚಮಚದ ನೀರನ್ನು ತಾನೂ ಕುಡಿಯದೆ ಹೊರಗೆ ಚೆಲ್ಲಿ ಬಂದು ಅಮ್ಮನ ಪಕ್ಕದಲ್ಲಿ ಮಲಗಿದಳು.